ಭಾವನ 39 ಮನೆ

ಪುತ್ತೂರಿನ ಒಂದು ವಾದ್ಯದಂಗಡಿಯಲ್ಲಿ ನಮ್ಮ ಭಾವನಿಗೆಂದೇ ಒಂದು ಸ್ಟೂಲು ಉಂಟು. ಕಲ್ಲುಗುಂಡಿಯಲ್ಲಿ ಬಸ್ಸು ಹತ್ತಿ, ಸುಳ್ಯ ದಾಟಿ, ಅವರು ಅಲ್ಲಿಗೆ ಮುಟ್ಟುವಾಗ ಹನ್ನೊಂದು ಗಂಟೆ. ಅಂಗಡಿಯ ಹುಡುಗ ಹೇಳದೆಯೇ ಚಾ ತರುತ್ತಾನೆ, ಸಾಹುಕಾರರು ಕೇಳದೆಯೇ ಹಾರ್ಮೋನಿಯಂ ಕೆಳಗಿಳಿಸುತ್ತಾರೆ. ಚಾ ಮುಗಿಯುತ್ತದೆ. ಹಾರ್ಮೋನಿಯಂ ಮತ್ತೆ ಮೇಲೇರುತ್ತದೆ. ಲಾಕ್‌ಡೌನ್ ಮುಗಿದಾಗಿನಿಂದ ಇದೇ ಕ್ರಮ.

ಭಾವನಿಗೆ ಈಗ ಐವತ್ತೆಂಟು. ಮಗ ಬೆಂಗಳೂರು ಸೇರಿದ, ಮಗಳ ಮದುವೆಯಾಯಿತು, ಅಡಿಕೆ ತೋಟಕ್ಕೆ ಹಳದಿ ರೋಗ ಹಿಡಿದು ಅಲ್ಲಿನ ಕೆಲಸವೂ ಅರ್ಧವಾಯಿತು. ಆಗ, ತಾನು ಚಿಕ್ಕಂದಿನಲ್ಲೇ ಸಂಗೀತ ಕಲಿಯಬೇಕಿತ್ತು ಎಂಬುದು ಅವರಿಗೆ ನೆನಪಾಯಿತು. ಈ ಜಾತಿಯವರು ನಿಮ್ಮ ಊರಲ್ಲೂ ಇದ್ದಾರೆ. ಐವತ್ತು ದಾಟಿದ್ದೇ ಒಬ್ಬರು ಕ್ಯಾಮರಾ ವಿಚಾರಿಸುತ್ತಾರೆ, ಇನ್ನೊಬ್ಬರು ಗೇರು ಸೈಕಲ್ಲು ವಿಚಾರಿಸುತ್ತಾರೆ. ವಿಚಾರಿಸುವುದೇ ಅವರ ಕಲೆ.

ಮೊದಲು ಹುಟ್ಟಿದ್ದು ಅಕಾರ್ಡಿಯನ್ನಿನ ಆಸೆ. ‘ಸಂಗಮ್’ ಸಿನಿಮಾದಲ್ಲಿ ರಾಜ್ ಕಪೂರ್ ಎದೆಗೆ ಕಟ್ಟಿಕೊಳ್ಳುತ್ತಾನಲ್ಲ, ಅದು. ಆದರೆ ಭಾವನಿಗೆ ಪಿಯಾನೋದ ಹಾಗೆ ಮನೆಗಳಿರುವುದು ಬೇಡ, ಗುಂಡಿ ಒತ್ತುವಂಥದ್ದೇ ಆಗಬೇಕು. ಚಿಕ್ಕದು, ಹಗುರ, ಸೊಂಟಕ್ಕೂ ಒಳ್ಳೆಯದು. “ಕಲ್ಲುಗುಂಡಿಯವನಿಗೆ ಗುಂಡಿಯದ್ದೇ ಸರಿ” ಎಂದು ತಮ್ಮ ಮಾತಿಗೆ ತಾವೇ ನಕ್ಕರು. 1829ರಲ್ಲಿ ವಿಯೆನ್ನಾದ ಸಿರಿಲ್ ಡೆಮಿಯನ್ ಅದಕ್ಕೆ ಪೇಟೆಂಟ್ ತೆಗೆದದ್ದನ್ನು ಹಾಲಿನ ಡೈರಿಯ ಕ್ಯೂನಲ್ಲಿ ನಿಂತವರಿಗೆಲ್ಲ ಹೇಳಿದ್ದೂ ಆಯಿತು. ಒಂದು ತಿಂಗಳ ಮೇಲೆ ಗೊತ್ತಾಯಿತು: ಆ ಚಿಕ್ಕ ಅಕಾರ್ಡಿಯನ್ನುಗಳಲ್ಲಿ ಅದೇ ಗುಂಡಿಗೆ ತಿದಿ ಎಳೆದರೆ ಒಂದು ಸ್ವರ, ಒತ್ತಿದರೆ ಬೇರೆ ಸ್ವರ. “ಇದು ಅಡಿಕೆ ಮಂಡಿಯ ರೇಟು ಮಾರಾಯ. ಕೊಡುವಾಗ ಒಂದು, ತೆಗೊಳ್ಳುವಾಗ ಒಂದು” ಎಂದು ಕೈಬಿಟ್ಟರು.

ಹಾಗೆ ಹಿಡಿದದ್ದು ಅದರ ದಾಯಾದಿ ಹಾರ್ಮೋನಿಯಂ. ಎರಡರ ಹೊಟ್ಟೆಯಲ್ಲೂ ಗಾಳಿಗೆ ನಡುಗುವ ಲೋಹದ ನಾಲಿಗೆಗಳೇ. ಕಾಲಲ್ಲಿ ತುಳಿಯುತ್ತಿದ್ದ ಫ್ರೆಂಚರ ಪೆಟ್ಟಿಗೆಯನ್ನು ನೆಲದ ಮೇಲೆ ಕೂತು ಒಂದೇ ಕೈಯಲ್ಲಿ ಗಾಳಿ ಹಾಕುವ ಹಾಗೆ ಮಾಡಿದವರು ಕಲ್ಕತ್ತದ ದ್ವಾರಕಾನಾಥ ಘೋಷ್. ಈಗ ಭಾವ ಸಂಪಾಜೆ ಯಕ್ಷೋತ್ಸವಕ್ಕೆ ಹೋದರೆ ಊರೆಲ್ಲ ವೇಷ ನೋಡುವಾಗ ಅವರು ಹಿಮ್ಮೇಳದ ಶ್ರುತಿಪೆಟ್ಟಿಗೆ ನೋಡುತ್ತಾರೆ. ಬೆಳಗಾವಿಯ ರಾಮಭಾವು ಬಿಜಾಪುರೆಯವರ ವಾದನವನ್ನು ಕಣ್ಣು ಮುಚ್ಚಿ ಕೇಳಬೇಕು. ಭಾವ ಮೊಬೈಲಿನ ಶಬ್ದ ಸಣ್ಣ ಮಾಡಿ, ಪೆಟ್ಟಿಗೆಯ ಮರ ಯಾವುದೆಂದು ದೊಡ್ಡ ಮಾಡಿ ನೋಡುತ್ತಾರೆ.

ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಪರೀಕ್ಷೆ ಎಂದರೆ ಅದು! ಮೊದಲು ಮುಂದಿನ ಗುಬ್ಬಿಗಳನ್ನೆಲ್ಲ ಒಳಗೆ ತಳ್ಳಿದರು. ತಿದಿಗೆ ಗಾಳಿ ತುಂಬಿ ಕೈಬಿಟ್ಟು ವಾಚು ನೋಡಿದರು. ತಿದಿ ಬೇಗ ಕುಸಿದರೆ ಎಲ್ಲೋ ಸೋರುತ್ತದೆ ಎಂದು ಲೆಕ್ಕ. ಆಮೇಲೆ ಹಲಗೆಗೆ ಕಿವಿ ಕೊಟ್ಟರು, ಡಾಕ್ಟರ ಹಾಗೆ. ರೀಡು ಗುಜರಾತಿನ ಪಾಲಿತಾಣದ್ದೋ ಎಂದು ವಿಚಾರಿಸಿದರು. ಕಲಿಯುವವನಿಗೆ ಬಾಸ್–ಮೇಲ್ ಎರಡು ಸಾಲು ರೀಡು ಧಾರಾಳ, ಮೂರು ಸಾಲಿನದ್ದು ಗಾಳಿ ತಿನ್ನುತ್ತದೆ, ಸ್ಕೇಲ್ ಚೇಂಜರ್ ಭಾರವೂ ಹೌದು ದುಡ್ಡು ದಂಡವೂ ಹೌದು ಎಂದು ಸಾಹುಕಾರರಿಗೇ ಪಾಠ ಮಾಡಿದರು. ಹೇಳಿದ್ದು ಒಂದೂ ತಪ್ಪಿಲ್ಲ, ಅದೇ ಕಷ್ಟ. ಕೊನೆಗೆ ಎಡದ ತುದಿಯಿಂದ ಒಂದೊಂದೇ ಮನೆ ಒತ್ತುತ್ತ ಹೊರಟರು. ಒಟ್ಟು 39. ಎಲ್ಲ ಮನೆಗೂ ಹೋದರು, ಯಾವ ಮನೆಯಲ್ಲೂ ಕೂರಲಿಲ್ಲ.

“ಒಂದು ಸರಿಗಮ ಬಾರಿಸಿ ನೋಡಿ ಭಟ್ರೇ” ಎಂದರು ಸಾಹುಕಾರರು.

“ಅದು ತೆಗೊಂಡ ಮೇಲೆ. ಇದಕ್ಕೆ ಕಾರ್ಬನ್ ಫೈಬರ್ ದೋಟಿಗೆ ಕೊಟ್ಟ ಹಾಗೆ ಸಬ್ಸಿಡಿ ಏನಾದ್ರೂ ಉಂಟಾ?”

ತೆಗೊಳ್ಳದಿರುವುದಕ್ಕೆ ಕಾರಣಗಳಿಗೇನು ಬರ? ನಮ್ಮಲ್ಲಿ ಜೂನಿನಿಂದ ನಾಲ್ಕು ತಿಂಗಳು ಚಾಪೆಗೂ ಬೂಸ್ಟು. ಪೆಟ್ಟಿಗೆಯ ಮರ ಉಬ್ಬಿ ಮನೆಗಳು ಹಿಡಿದುಕೊಳ್ಳುತ್ತವೆ, ರೀಡಿಗೆ ಕಿಲುಬು. ಇದು ಸರಿಯೇ. 2022ರ ಜೂನಿನಲ್ಲಿ ಸಂಪಾಜೆ, ಚೆಂಬು ಕಡೆ ನೆಲ ನಡುಗಿದಾಗ ಭಾವ “ಶ್ರುತಿ ತಪ್ಪುತ್ತಿತ್ತು” ಎಂದರು. ಆಗಸ್ಟಿನಲ್ಲಿ ಪಯಸ್ವಿನಿ ಉಕ್ಕಿ ಕಲ್ಲುಗುಂಡಿ ಪೇಟೆಗೇ ನೀರು ನುಗ್ಗಿದಾಗ “ನೋಡಿದೆಯಾ? ತೆಗೊಂಡಿದ್ದರೆ ತೇಲಿ ಹೋಗ್ತಿತ್ತು” ಎಂದರು. ಅವರ ಮನೆ ಇರುವುದು ಗುಡ್ಡದ ನೆತ್ತಿಯಲ್ಲಿ.

ಅಕ್ಕನದು ಬೇರೆ ಲೆಕ್ಕ. “ಇರುವ ಒಂದು ಮನೆಯ ಮಾಡು ಸೋರುತ್ತದೆ. ಇವರಿಗೆ ಸೋರದ 39 ಮನೆ ಬೇಕಂತೆ.”

ಇನ್ನೆಷ್ಟು ವರ್ಷ ಭಾವ ಎಂದು ನಾನೂ ಒಮ್ಮೆ ಕೇಳಿಯೇ ಬಿಟ್ಟೆ. ಉತ್ತರ ಸಿದ್ಧವಿತ್ತು. ಗಮಕ ಬರುವುದಿಲ್ಲ, ಸ್ವರದಿಂದ ಸ್ವರಕ್ಕೆ ಜಾರುವುದಿಲ್ಲ ಎಂದು ಆಕಾಶವಾಣಿ ಈ ಪೆಟ್ಟಿಗೆಯನ್ನು 1940ರಿಂದ 1971ರವರೆಗೆ ಹೊಸ್ತಿಲು ದಾಟಿಸಿರಲಿಲ್ಲ. “ಸರಕಾರವೇ 31 ವರ್ಷ ಆಲೋಚನೆ ಮಾಡಿದೆ. ನಾನು ನಾಲ್ಕು ವರ್ಷ ಮಾಡಬಾರದಾ?”

ಇಷ್ಟೆಲ್ಲ ಆಗುವಾಗ ನಮ್ಮ ಭಜನಾ ಮಂದಿರದ ಕಪಾಟಿನಲ್ಲಿ ಒಂದು ಹಳೇ ಹಾರ್ಮೋನಿಯಂ ಮಲಗಿತ್ತು. ಕಪಾಟಿನ ಬೀಗದ ಕೈ ಖಜಾಂಚಿಗಳ ಬಳಿ. ಖಜಾಂಚಿ ಭಾವನೇ. ಹೋದ ದೀಪಾವಳಿ ಕಳೆದ ಮೇಲೆ ನಾನು ಅದನ್ನು ಕೇಳಿ ಮನೆಗೆ ತಂದೆ. ಮೂರು ಮನೆ ಒತ್ತಿದರೆ ಏಳುವುದಿಲ್ಲ, ಒಂದು ಮನೆಗೆ ಸ್ವರವೇ ಇಲ್ಲ. ಅದರಲ್ಲೇ ತಿಣುಕಿ ಎರಡು ತಿಂಗಳಲ್ಲಿ ಸರಳೆ ವರಸೆ ಮೂರರವರೆಗೆ ಬಂತು. ಒಂದು ಸಂಜೆ ಭಾವ ಜಗಲಿಯಲ್ಲಿ ನಿಂತು ಪೂರ್ತಿ ಕೇಳಿದರು. ಒಳಗೆ ಬಂದು, ಏನೂ ಹೇಳದೆ, ಸ್ಕ್ರೂ ಬಿಚ್ಚಿ ಮೇಲಿನ ಹಲಗೆ ತೆಗೆದರು. ಮೂಕ ಮನೆಯ ರೀಡಿನ ಸಂದಿಯಲ್ಲಿ ಒಣಗಿದ ಜಿರಳೆಯ ಕಾಲು. ಬ್ಲೇಡಿನ ತುದಿಯಲ್ಲಿ ಅದನ್ನು ಎಬ್ಬಿಸಿ ತೆಗೆದು ಗಾಳಿ ಹಾಕಿದಾಗ ಆ ಮನೆ ಸ್ಪಷ್ಟವಾಗಿ ಕೂಗಿತು. ಭಾವನ ಮುಖ ನೋಡಬೇಕಿತ್ತು!

ಮಂದಿರದ ಪೆಟ್ಟಿಗೆಯನ್ನು ನಾನು ವಾಪಸು ಕೊಡಬೇಕಾಗಿದೆ. ಸುಳ್ಯ–ಪುತ್ತೂರು ಕಡೆ ಯಾರಲ್ಲಾದರೂ ಕೊಡಲಿಕ್ಕಿರುವ 39 ಮನೆಯ, ಎರಡು ಸಾಲು ರೀಡಿನ ಹಳೇ ಹಾರ್ಮೋನಿಯಂ ಇದ್ದರೆ ತಿಳಿಸಿ. ನೋಡಲಿಕ್ಕೆ ಭಾವನನ್ನೇ ಕರೆದುಕೊಂಡು ಬರುತ್ತೇನೆ. ದುಡ್ಡು ನನ್ನ ಕೈಯಲ್ಲಿರುತ್ತದೆ, ಹೆದರಬೇಡಿ. ಚಾ ಮಾತ್ರ ಎರಡು ಸಲಕ್ಕಾಗುವಷ್ಟು ಇಡಿ.