ಸೈತಾನನಿಗೂ ಬಾಯಿಪಾಠ ಬರುತ್ತದೆ

ಸಂಡೇ ಸ್ಕೂಲಿಗೆ ಹೋದವರನ್ನು ಯಾರನ್ನಾದರೂ ನಿಲ್ಲಿಸಿ, "ಒಂದು ವಚನ ಹೇಳಿ ಮಾರಾಯ್ರೇ" ಅಂತ ಕೇಳಿ ನೋಡಿ. ಮೊದಲು ಬಾಯಿಗೆ ಬರುವುದು ಯೋಹಾನ 11:35. ಲಾಜರನ ಸಮಾಧಿಯ ಹತ್ತಿರ ಯೇಸು ಅತ್ತ ಸಂಗತಿ ಅದು. ಭಕ್ತಿ ಉಕ್ಕಿ ಹೇಳುವುದಲ್ಲ, ಅದು ಬಹಳ ಗಿಡ್ಡ, ಅಷ್ಟೇ. ಕಲಿಯದೆ ಬಂದ ಹಿಂದಿನ ಬೆಂಚಿನವನಿಗೆ ಅದೇ ಆಪದ್ಬಾಂಧವ. ನಮ್ಮ ಟೀಚರಮ್ಮನಿಗೆ ಇದು ಗೊತ್ತಿತ್ತು. "ಅದೊಂದು ಬಿಟ್ಟು ಬೇರೆ ಹೇಳಿ" ಎಂದೇ ಅವರು ಶುರು ಮಾಡುತ್ತಿದ್ದದ್ದು.

ಈಗ ನಿವೃತ್ತಿಯಾದ ಮೇಲೆ ಗಿಡ್ಡದ್ದರ ಋಣ ತೀರಿಸುವಂತೆ ಉದ್ದದ್ದನ್ನೇ ಹಿಡಿದುಕೊಂಡಿದ್ದೇನೆ. ಬೆಳಿಗ್ಗೆ ಅಂಗಳದಲ್ಲಿ ತಿರುಗುತ್ತಾ ಹೇಳಿಕೊಳ್ಳುವುದು. ಪಕ್ಕದ ಮನೆಯ ಭಟ್ಟರು ಪೂಜೆಗೆ ದಾಸವಾಳ ಕೊಯ್ಯಲು ಬರುವುದೂ ಅದೇ ಹೊತ್ತಿಗೆ.

"ಏನು ಮಾಷ್ಟ್ರೇ ಅದು, ದಿನಾ ಮಣಮಣ?"

"119ನೇ ಕೀರ್ತನೆ ಭಟ್ರೇ."

"ಎಷ್ಟು ಶ್ಲೋಕ?"

"176."

ಭಟ್ಟರ ಮುಖದಲ್ಲಿ ನನ್ನ ಮೇಲೆ ಒಂದಿಷ್ಟು ಗೌರವ ಕಂಡಿತು. ಸಹಸ್ರನಾಮ ಹೇಳುವವರ ಎದುರು 176 ದೊಡ್ಡದೇನಲ್ಲ. ಆದರೂ ವಿವರಿಸಿದೆ. ಹೀಬ್ರೂ ಭಾಷೆಗೆ 22 ಅಕ್ಷರ. ಒಂದೊಂದು ಅಕ್ಷರಕ್ಕೆ ಎಂಟೆಂಟು ವಚನ, ಎಂಟೂ ಅದೇ ಅಕ್ಷರದಿಂದ ಶುರು. ನೆನಪಿಟ್ಟುಕೊಳ್ಳಲು ಒಳ್ಳೆಯ ಉಪಾಯ. ಕನ್ನಡದಲ್ಲಿ ಆ ಅಕ್ಷರದ ಆಸರೆ ನಮಗಿಲ್ಲ, ಎಂಟರ ಕಟ್ಟು ಮಾತ್ರ ಇದೆ. ದಿನಕ್ಕೊಂದು ವಚನ ಸೇರಿಸುತ್ತಾ ಹೋಗಿ ಎಂಟನೇ ದಿನ ಇಡೀ ಕಟ್ಟನ್ನು ಒಪ್ಪಿಸುವುದು ನನ್ನ ಕ್ರಮ. ಯಾರಿಗೆ ಒಪ್ಪಿಸುವುದು ಅಂದರೆ ಹೆಂಡತಿಗೆ. ಅವಳು ಸತ್ಯವೇದ ತೆರೆದು ಕೂತು ಒಂದು ಪ್ರತ್ಯಯ ತಪ್ಪಿದರೂ ಬಿಡುವುದಿಲ್ಲ.

"ಮೊಬೈಲಿನಲ್ಲಿ ಇಲ್ಲವಾ ಇದೆಲ್ಲ?" ಅಂದರು ಭಟ್ಟರು.

"ನಿಮ್ಮ ಸಹಸ್ರನಾಮವೂ ಉಂಟಲ್ಲ ಮೊಬೈಲಿನಲ್ಲಿ!"

ಅಲ್ಲಿಗೆ ಆ ಮಾತು ಮುಗಿಯಿತು.

ಹಾಗೇ ಮಾತಿಗೆ ಮಾತು ಬೆಳೆದು, ನಮ್ಮ ಮಕ್ಕಳ ಬಾಯಿಪಾಠ ಸ್ಪರ್ಧೆಯ ಸುದ್ದಿ ಬಂತು. ಅಲ್ಲೊಂದು ಇಲ್ಲೊಂದು ಆರಿಸಿದ ವಚನಗಳು, ಬಹುಮಾನಕ್ಕೆ ಸ್ಟೀಲ್ ಲೋಟ. ಭಟ್ಟರಿಗೆ ಇದು ಸರಿ ಕಾಣಲಿಲ್ಲ. "ನಮ್ಮಲ್ಲಿ ಸೂಕ್ತದ ನಡುವಿನಿಂದ ಒಂದು ಸಾಲು ಕಿತ್ತು ಕಲಿಸುವುದಿಲ್ಲಪ್ಪ. ಮೊದಲಿಂದ ಕೊನೆಯವರೆಗೆ ಹೇಳಬೇಕು." ನಾನು ಜಗಳಕ್ಕೆ ಹೋಗಲಿಲ್ಲ. ನನ್ನ ಅಭಿಪ್ರಾಯವೂ ಅದೇ.

ವಚನಕ್ಕೊಂದು ಸಂಖ್ಯೆ ಹಾಕಿದ್ದು ಪೌಲನೂ ಅಲ್ಲ, ಯೋಹಾನನೂ ಅಲ್ಲ. ಈಗ ನಾವು ಬಳಸುವ ಹೊಸ ಒಡಂಬಡಿಕೆಯ ಸಂಖ್ಯೆಗಳು 1551ರಲ್ಲಿ ರೋಬೆರ್ ಎತ್ಯೆನ್ ಎಂಬ ಫ್ರೆಂಚ್ ಮುದ್ರಕ ಹಾಕಿದವು. ಹುಡುಕಲು ಬಹಳ ಅನುಕೂಲವಾಯಿತು, ಹರಿದುಕೊಳ್ಳಲೂ ಅಷ್ಟೇ ಅನುಕೂಲವಾಯಿತು. ಆಮೇಲೆ ಜರ್ಮನಿಯ ಹೆರ್ನ್‌ಹುಟ್ ಎಂಬ ಊರಿನಲ್ಲಿ ಜಿನ್ಜೆಂಡಾರ್ಫ್ ಎಂಬ ಕೌಂಟ್ 1728ರಲ್ಲಿ ದಿನಕ್ಕೊಂದು ವಾಕ್ಯ ಕೊಡುವ ಪದ್ಧತಿ ಶುರು ಮಾಡಿದ. 1731ರಿಂದ ಅದು ಪುಸ್ತಕವಾಗಿ ಪ್ರತಿವರ್ಷ ಅಚ್ಚಾಗುತ್ತಿದೆ. ಹಳೆಯ ಒಡಂಬಡಿಕೆಯ ವಚನಗಳನ್ನು ಅಲ್ಲಿ ಈಗಲೂ ಚೀಟಿ ಎತ್ತಿಯೇ ಆರಿಸುತ್ತಾರೆ. ದಿನದ ಧ್ಯಾನಕ್ಕೆ ಅದು ಒಳ್ಳೆಯದೇ. ಬೆಳಿಗ್ಗೆ ಒಂದು ಮಾತು ಕಿವಿಯಲ್ಲಿ ಬಿದ್ದಿದ್ದರೆ ಬಸ್ಸಿನ ನೂಕುನುಗ್ಗಲಿನಲ್ಲೂ ಮನಸ್ಸು ಅದರ ಸುತ್ತ ಸುತ್ತುತ್ತದೆ.

ನನ್ನ ತಕರಾರು ನಮ್ಮ ವಾಗ್ದಾನದ ಕಾರ್ಡಿನ ಬಗ್ಗೆ. ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ತಟ್ಟೆಯಲ್ಲಿ ಕಾರ್ಡುಗಳು ಬರುತ್ತವೆ. ಕಣ್ಣು ಮುಚ್ಚಿ ಒಂದು ಎತ್ತಿದರೆ ಅದು ವರ್ಷವಿಡೀ ನಿಮ್ಮದು, ಬಾಯಿಪಾಠವೂ ಅದೇ. ಎಲ್ಲರಿಗೂ ಬೇಕಾದದ್ದು ಯೆರೆಮೀಯ 29:11, ಒಳ್ಳೆಯ ಭವಿಷ್ಯದ ಮಾತು. ಹುಡುಗನಿಗೆ ಕೆಲಸ, ಹುಡುಗಿಗೆ ಮದುವೆ, ಎಲ್ಲಕ್ಕೂ ಅದೇ. ಸ್ವಲ್ಪ ಮೇಲಿನ 10ನೇ ವಚನ ನೋಡಿ. ಬಾಬಿಲೋನಿಗೆ ಸೆರೆ ಹೋದವರಿಗೆ ಬರೆದ ಕಾಗದ ಅದು, ಅಲ್ಲಿ 70 ವರ್ಷ ತುಂಬಬೇಕು ಅಂತ ಇದೆ! ಅಲ್ಲಿಯವರೆಗೆ ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಆ ಊರಿಗಾಗಿ ಪ್ರಾರ್ಥಿಸಿ ಎಂದು ಇನ್ನೂ ಮೇಲೆ ಇದೆ. ಕ್ಯಾಲೆಂಡರಿನವರು 10ನೇ ವಚನ ಅಚ್ಚು ಹಾಕಿದ್ದನ್ನು ನಾನಂತೂ ಕಂಡಿಲ್ಲ. ಪರೀಕ್ಷೆಗೆ ಹೋಗುವ ಮಕ್ಕಳ ಬಾಯಲ್ಲಿರುವ ಫಿಲಿಪ್ಪಿ 4:13ರ ಕತೆಯೂ ಅದೇ. ಪೌಲ ಸೆರೆಯಲ್ಲಿ ಕೂತು, ಹೊಟ್ಟೆ ತುಂಬಿದ್ದಾಗಲೂ ಹಸಿದಿದ್ದಾಗಲೂ ಇರಲು ಕಲಿತಿದ್ದೇನೆ ಅಂದ ಮೇಲೆ ಬರುವ ಮಾತು ಅದು. ಮಾರ್ಕಿನ ಸುದ್ದಿ ಅಲ್ಲಿಲ್ಲ.

ಭಟ್ಟರಿಗೆ ಹೆಚ್ಚು ಹಿಡಿಸಿದ್ದು ಮತ್ತಾಯ 4ನೇ ಅಧ್ಯಾಯ. ಅಡವಿಯಲ್ಲಿ ಯೇಸುವನ್ನು ಶೋಧಿಸಲು ಬಂದ ಸೈತಾನನೂ ವಚನವನ್ನೇ ಹೇಳುತ್ತಾನೆ. ದೇವಾಲಯದ ತುದಿಯಿಂದ ಕೆಳಗೆ ಧುಮುಕು, ದೂತರು ಹಿಡಿಯುತ್ತಾರೆ ಅಂತ 91ನೇ ಕೀರ್ತನೆ ಬಿಡುತ್ತಾನೆ. ಪಾಠ ಮಾಡಿಕೊಂಡೇ ಬಂದಿದ್ದ. ಆದರೆ 12ನೇ ವಚನಕ್ಕೆ ನಿಲ್ಲಿಸಿಬಿಟ್ಟ. 13ನೇದರಲ್ಲಿ ಏನಿದೆ ಗೊತ್ತಾ? ಸಿಂಹವನ್ನೂ ಸರ್ಪವನ್ನೂ ತುಳಿಯುವ ಮಾತು.

"ಸರ್ಪ ಬರುವಾಗ ನಿಲ್ಲಿಸಿದನಾ? ಭಾರೀ ಕಿಲಾಡಿ!" ಭಟ್ಟರು ಹೂವಿನ ಬುಟ್ಟಿ ಕಂಪೌಂಡಿನ ಮೇಲಿಟ್ಟು ನಕ್ಕರು.

ಯೇಸುವಿನ ಉತ್ತರ ಮೂರೂ ಧರ್ಮೋಪದೇಶಕಾಂಡದ 6 ಮತ್ತು 8ನೇ ಅಧ್ಯಾಯಗಳಿಂದ. ಈ ಮಾತುಗಳನ್ನು ಮಕ್ಕಳಿಗೆ ಕಲಿಸಿ, ಮನೆಯಲ್ಲಿ ಕೂತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಹೇಳುತ್ತಿರಿ ಅಂತ ಅಪ್ಪಣೆ ಇರುವುದೂ ಆ 6ನೇ ಅಧ್ಯಾಯದಲ್ಲೇ. ಚಿಕ್ಕಂದಿನಿಂದ ಹಾಗೆ ಕೇಳಿ ಬೆಳೆದವನಿಗೆ ಉತ್ತರ ಹುಡುಕಲು ಚೀಟಿ ಎತ್ತಬೇಕಾಗಲಿಲ್ಲ.

ಸಂಡೇ ಸ್ಕೂಲ್ ನಡೆಸುವವರಲ್ಲಿ ಒಂದು ವಿನಂತಿ. ಈ ವರ್ಷದ ಸ್ಪರ್ಧೆಗೆ ಬಿಡಿ ವಚನ ಬೇಡ, ಒಂದು ಇಡೀ ಕೀರ್ತನೆ ಕೊಡಿ. ಉದ್ದವಾಯಿತು ಅಂತ ತಾಯಂದಿರು ಗೊಣಗಿದರೆ 117ನೇದು ಕೊಡಿ. ಅದರಲ್ಲಿ ಇರುವುದು ಎರಡೇ ವಚನ.