ಲೈಕ್ರಾ ಅಕ್ಕ

ವೈಟ್‌ಫೀಲ್ಡಿನ ಯಾವ ದೊಡ್ಡ ಅಪಾರ್ಟ್‌ಮೆಂಟಿಗೆ ಹೋದರೂ ಅಲ್ಲೊಬ್ಬರು ಲೈಕ್ರಾ ಅಕ್ಕ ಇದ್ದೇ ಇರುತ್ತಾರೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅವರ ತಂಗಿ, ಸರ್ಜಾಪುರ ರಸ್ತೆಯಲ್ಲಿ ಓರಗಿತ್ತಿ. ವಯಸ್ಸು ಮೂವತ್ತೆಂಟೋ ನಲವತ್ತೆರಡೋ, ಕೇಳುವ ಧೈರ್ಯ ಯಾರಿಗೂ ಇಲ್ಲ. ಊರು ಹಾಸನದ ಕಡೆ, ಕೆಲಸ ಐಟಿಪಿಎಲ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್. ಹಗಲೆಲ್ಲ ಕಂಡವರ ಕೋಡಿನಲ್ಲಿ ಬಗ್ ಹುಡುಕುವ ಅಕ್ಕ, ಸಂಜೆಯಾದರೆ ಕಂಡವರ ಜಿಮ್ ಪ್ಯಾಂಟಿನಲ್ಲಿ ಬಗ್ ಹುಡುಕುತ್ತಾರೆ. ಸಿಕ್ಕೇ ಸಿಗುತ್ತದೆ.

ಹೊಸ ಬಟ್ಟೆ ಕಂಡರೆ "ಎಷ್ಟು ಕೊಟ್ಟೆ?" ಎನ್ನುವುದು ಸಾಧಾರಣ ಹೆಂಗಸರ ಪ್ರಶ್ನೆ. ಅಕ್ಕ ಮೊದಲು ಕೈ ಹಾಕುವುದು ಸೊಂಟಪಟ್ಟಿಯ ಒಳಗಿರುವ ಪುಟ್ಟ ಬಿಳಿ ಚೀಟಿಗೆ. ಅದೂ ಲಿಫ್ಟಿನಲ್ಲಿ, ಪ್ಯಾಂಟು ನಿಮ್ಮ ಮೈಮೇಲಿರುವಾಗಲೇ. "ಪಾಲಿಯೆಸ್ಟರ್ 92, ಎಲಾಸ್ಟೇನ್ 8. ವಾಕಿಂಗಿಗೆ ಸಾಕು ಕಣೆ. ಯೋಗಕ್ಕೆ ಹಾಕ್ಕೊಂಡ್ರೆ ನಾಲ್ಕೇ ತಿಂಗಳಿಗೆ ಮಂಡಿ ಹತ್ರ ಜೋಲು ಬೀಳುತ್ತೆ. ಅದಕ್ಕೆ ನೈಲಾನ್ ತಗೋ, ಎಲಾಸ್ಟೇನ್ ಇಪ್ಪತ್ತು ಇರ್ಲಿ." ಎಂಟನೇ ಮಹಡಿ ಬರುವಷ್ಟರಲ್ಲಿ ತೀರ್ಪು ಹೊರಬಿದ್ದಿರುತ್ತದೆ.

ಅಡ್ಡಹೆಸರು ಬಂದದ್ದು ವರಮಹಾಲಕ್ಷ್ಮಿ ಹಬ್ಬದ ದಿನ. ಮೈಸೂರು ಸಿಲ್ಕ್ ಉಟ್ಟು ಅರಿಶಿನ ಕುಂಕುಮಕ್ಕೆ ಬಂದಿದ್ದ ಅಕ್ಕ, ತಟ್ಟೆಯಲ್ಲಿದ್ದ ಒಬ್ಬಟ್ಟು ಆರುವವರೆಗೂ ಲೈಕ್ರಾದ, ಅಂದರೆ ಚೀಟಿಯಲ್ಲಿ ಎಲಾಸ್ಟೇನ್ ಎಂದು ಬರೆದಿರುವ ಆ ಹಿಗ್ಗುವ ನೂಲಿನ, ಚರಿತ್ರೆ ಹೇಳಿದರು: 1958ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಎಂಬ ರಸಾಯನ ವಿಜ್ಞಾನಿ ಅದನ್ನು ಕಂಡುಹಿಡಿದದ್ದು, ಅಲ್ಲಿಯವರೆಗೆ ಹೆಂಗಸರ ಬಿಗಿ ಒಳಉಡುಪುಗಳಲ್ಲಿ ರಬ್ಬರು ಇರುತ್ತಿದ್ದದ್ದು, ಇತ್ಯಾದಿ. ಕೇಳಿದವರ ಪೈಕಿ ಒಬ್ಬ ಅಜ್ಜಿ ಶಿವರ್ಸ್ ಅಂದರೆ ಯಾವ ಶಿವ ಎಂದು ವಿಚಾರಿಸಿದರು.

ಅಕ್ಕನ ಬದ್ಧವೈರಿ ಹತ್ತಿ. "ಕಾಟನ್ನೇ ಒಳ್ಳೇದಮ್ಮ, ಬೆವರು ಹೀರುತ್ತೆ" ಎಂದು ಯಾರ ತಾಯಿ ಹೇಳಿದರೂ ಅಕ್ಕ ಸೆಟೆದು ನಿಲ್ಲುತ್ತಾರೆ. "ಹೀರುತ್ತೆ ಸರಿ. ಹೀರಿದ್ದನ್ನ ಬಿಡುತ್ತಾ ಆಂಟಿ?" ಈ ಒಂದು ವಿಷಯದಲ್ಲಿ ನಾನು ಅಕ್ಕನ ಪಕ್ಷ. ಹತ್ತಿ ಬೆವರು ಕುಡಿದು ಭಾರವಾಗಿ ಮೈಗೆ ಅಂಟಿಕೊಳ್ಳುತ್ತದೆ. ಓಡುವವರ ತೊಡೆ, ಕಂಕುಳು ಉಜ್ಜಿ ಉರಿಯುವುದಕ್ಕೆ ಅದೂ ಒಂದು ಕಾರಣ. ಪಾಲಿಯೆಸ್ಟರ್ ಹೆಚ್ಚುಕಡಿಮೆ ನೀರನ್ನೇ ಕುಡಿಯುವುದಿಲ್ಲ. ಸರಿಯಾಗಿ ಹೆಣೆದದ್ದಾದರೆ ಬೆವರನ್ನು ಹೊರಮೈಗೆ ಹರಡಿ ಗಾಳಿಗೆ ಬಿಟ್ಟುಬಿಡುತ್ತದೆ. ನಿಧಾನವಾಗಿ ನಾಲ್ಕು ಸುತ್ತು ನಡೆಯುವವರಿಗೆ ಹತ್ತಿಯೇ ಹಿತ ಎಂದು ಅಕ್ಕನೂ ಒಪ್ಪುತ್ತಾರೆ. ಆದರೆ ಒಪ್ಪುವಾಗ ಮುಖ ನೋಡಬೇಕು.

ಇನ್ನು ಅಂಗಡಿ. ಡೆಕಾಥ್ಲಾನ್ ಭಾರತದಲ್ಲಿ ತನ್ನ ಮೊದಲ ಮಳಿಗೆ ತೆರೆದದ್ದು 2009ರಲ್ಲಿ, ಇದೇ ಸರ್ಜಾಪುರ ರಸ್ತೆಯಲ್ಲಿ. ಅಂದಿನಿಂದ ಈ ಭಾಗದ ಗಂಡಸರಿಗೆ ವಾರಾಂತ್ಯದಲ್ಲಿ ಟ್ರಯಲ್ ರೂಮಿನ ಹೊರಗೆ ಬ್ಯಾಗು ಹಿಡಿದು ನಿಲ್ಲುವ ಹೊಸ ಉದ್ಯೋಗ ಸಿಕ್ಕಿದೆ. ಮಗ ಅಂಗಡಿಯ ಸೈಕಲ್ಲನ್ನು ಅಂಗಡಿಯೊಳಗೇ ಓಡಿಸುತ್ತಿರುತ್ತಾನೆ. ಒಳಗೆ ಅಕ್ಕ ಬೈಠಕ್ ಹೊಡೆಯುತ್ತಿರುತ್ತಾರೆ. ಬಗ್ಗಿದಾಗ ಬಟ್ಟೆ ಹಿಗ್ಗಿ ಹಿಂಭಾಗ ಪಾರದರ್ಶಕ ಆಗುತ್ತದೆಯೇ ಎಂಬುದು ಪರೀಕ್ಷೆ. ಕನ್ನಡಿ ಸಾಲದೆ ಮೊಬೈಲ್ ಟಾರ್ಚ್ ಹಚ್ಚಿ ಬಟ್ಟೆಯೊಳಗೆ ಹಿಡಿಯುತ್ತಾರೆ. ಅತಿ ಅನ್ನಿಸಿತೇ? ಕೆನಡಾದ ಲುಲುಲೆಮನ್‌ನಂಥ ಕಂಪನಿಯೇ 2013ರಲ್ಲಿ ತನ್ನ ಕಪ್ಪು ಯೋಗ ಪ್ಯಾಂಟುಗಳು ತೀರಾ ತೆಳುವಾಗಿ ಒಳಗಿನದು ಕಾಣುತ್ತದೆಂದು ಅಂಗಡಿಗಳಿಂದ ವಾಪಸ್ ತರಿಸಿಕೊಂಡಿತ್ತು. ಒಬ್ಬ ಹಾಸನದ ಟೆಸ್ಟರ್ ಇದ್ದಿದ್ದರೆ ಆ ಮಾನ ಉಳಿಯುತ್ತಿತ್ತು.

ಬ್ರಾ ಕೊಳ್ಳುವಾಗ ಅಕ್ಕನ ದನಿ ಇಳಿಯುತ್ತದೆ, ಮಾತು ಮಾತ್ರ ನಿಲ್ಲುವುದಿಲ್ಲ. ಭುಜದ ಪಟ್ಟಿಯಲ್ಲ, ಕೆಳಗಿನ ಪಟ್ಟಿ ಭಾರ ಹೊರಬೇಕು. ಅದರೊಳಗೆ ಎರಡು ಬೆರಳು ಹೋಗಬೇಕು, ಮೂರನೆಯದು ಹೋಗಬಾರದು. ಕೈ ಎತ್ತಿದರೆ ಪಟ್ಟಿ ಮೇಲೆ ಸರಿಯಬಾರದು. ಯೋಗಕ್ಕೆ ತೊಟ್ಟದ್ದನ್ನೇ ಓಟಕ್ಕೆ ತೊಡಬಾರದು. ಇಷ್ಟನ್ನೂ ಹೇಳಿ ಟ್ರಯಲ್ ರೂಮಿನಲ್ಲಿ ಕುಣಿಸುತ್ತಾರೆ. ಹೊರಗೆ ನಿಂತ ಸೇಲ್ಸ್ ಹುಡುಗಿ ಭೂಕಂಪ ಅಂದುಕೊಂಡರೂ ಸರಿಯೇ. ಓಟಕ್ಕೆಂದೇ ಇಂಥದ್ದೊಂದು ಉಡುಪು ಹುಟ್ಟಿದ್ದು 1977ರಲ್ಲಿ. ಅಮೆರಿಕದ ವರ್ಮಾಂಟ್‌ನಲ್ಲಿ ಮೂವರು ಹೆಂಗಸರು ಗಂಡಸರ ಆಟದ ಲಂಗೋಟಿ ಎರಡನ್ನು ಸೇರಿಸಿ ಹೊಲಿದು ಮೊದಲ ಮಾದರಿ ಮಾಡಿದರು. ಈ ಸಂಗತಿಯನ್ನು ಅಕ್ಕ ಎಲ್ಲರಿಗೂ ಹೇಳಿದ್ದಾರೆ, ಅತ್ತೆಯವರೊಬ್ಬರನ್ನು ಬಿಟ್ಟು.

ಟೀ ಶರ್ಟಿನ ಉದ್ದದ ಬಗ್ಗೆ ಯಾವ ಚೀಟಿಯಲ್ಲೂ ಬರೆದಿರುವುದಿಲ್ಲ, ಆದರೆ ಬೆಂಗಳೂರಿನಲ್ಲಿ ನಿರ್ಣಾಯಕ ಅದೇ. ಜಿಮ್ಮಿನ ಒಳಗೆ ಗಿಡ್ಡದ್ದು ನಡೆಯುತ್ತದೆ. ಜಿಮ್ಮಿಗೆ ಹೋಗಲು ದಾಟಬೇಕಾದ ಲಿಫ್ಟಿನ ಅಂಕಲ್‌ಗಳು, ಸೆಕ್ಯೂರಿಟಿ, ತರಕಾರಿ ಗಾಡಿ, ಇವರೆಲ್ಲರ ಲೆಕ್ಕ ಹಿಡಿದು ಅಕ್ಕ ಅಳತೆ ಹೇಳುತ್ತಾರೆ: "ನಿಂತಾಗಲ್ಲ, ಶೂ ಲೇಸ್ ಕಟ್ಟೋವಾಗ ಮುಚ್ಚಬೇಕು." ಅಂಕಲ್‌ಗಳ ಕಣ್ಣಿಗೆ ಅಳತೆ ಕಟ್ಟುವ ಅಂಗಡಿ ಇನ್ನೂ ತೆರೆದಿಲ್ಲವಾದ್ದರಿಂದ ಬಟ್ಟೆಯನ್ನೇ ಉದ್ದ ಮಾಡಿಕೊಳ್ಳಬೇಕು.

ಇಂಥ ಅಕ್ಕನೂ ತಲೆಬಾಗುವ ಒಂದು ಹೈಕೋರ್ಟಿದೆ. ಅದು ಅವರ ಮನೆಗೆ ಅಡುಗೆಗೆ ಬರುವಾಕೆ. ಮದುವೆಯಾಗಿ ಕಾಡುಗೋಡಿಗೆ ಬರುವ ಮುಂಚೆ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಚೆಕ್ಕರ್ ಆಗಿದ್ದವಳು. ಪಿಎಫ್ ಹಣ ತೆಗೆಯಲು ಕೇಂದ್ರ ಸರ್ಕಾರ ತಂದ ಹೊಸ ನಿಯಮದ ವಿರುದ್ಧ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರಲ್ಲ, ಸರ್ಕಾರ ಎರಡೇ ದಿನಕ್ಕೆ ನಿಯಮ ಹಿಂದಕ್ಕೆ ಪಡೆಯಿತಲ್ಲ, ಆ ಗುಂಪಿನಲ್ಲಿ ಈಕೆಯೂ ಇದ್ದಳು. ದೆಹಲಿಯ ಪೀಸನ್ನೇ ಆಲ್ಟರ್‌ಗೆ ವಾಪಸ್ ಕಳಿಸಿದವಳ ಮುಂದೆ ಟೆಸ್ಟಿಂಗ್ ಮೇಡಂ ಏನು ಮಾತಾಡಿಯಾರು?

ಮಾರತಹಳ್ಳಿಯ ಫ್ಯಾಕ್ಟರಿ ಔಟ್‌ಲೆಟ್‌ಗಳಿಂದ ಅಕ್ಕ ತರುವ, ಲೇಬಲ್ ಅರ್ಧ ಕತ್ತರಿಸಿದ ಎಕ್ಸ್‌ಪೋರ್ಟ್ ಸರ್‌ಪ್ಲಸ್ ಮಾಲು ಮೊದಲು ಈಕೆಯ ಕೈಗೆ ಹೋಗುತ್ತದೆ. ಈಕೆ ಚೀಟಿ ಓದುವುದಿಲ್ಲ. ಕೈ ಒರೆಸಿಕೊಂಡು ಪ್ಯಾಂಟನ್ನು ಒಳಮೈ ತಿರುಗಿಸುತ್ತಾಳೆ. ಹೊಲಿಗೆಯನ್ನು ಎರಡೂ ಕಡೆಯಿಂದ ಜಗ್ಗುತ್ತಾಳೆ. ದಾರ ಪಟ್ ಎಂದರೆ ಮುಗಿಯಿತು. ತೊಡೆ ಸಂದಿಯಲ್ಲಿ ಪ್ರತ್ಯೇಕ ತುಂಡು ಕೊಟ್ಟಿದ್ದಾರೋ, ನಾಲ್ಕು ಹೊಲಿಗೆಗಳನ್ನು ಒಂದೇ ಕಡೆ ತಂದು ಗುಡ್ಡೆ ಹಾಕಿದ್ದಾರೋ ನೋಡುತ್ತಾಳೆ. ಹೊಲಿಗೆ ಫ್ಲಾಟ್‌ಲಾಕ್ ಆಗಿ ಚಪ್ಪಟೆ ಕೂತಿರಬೇಕು, ಉಬ್ಬಿದರೆ ಚರ್ಮ ಕೆರೆಯುತ್ತದೆ. "ಇದು ರಿಜೆಕ್ಟ್ ಪೀಸ್ ಅಕ್ಕ. ಸೊಂಟದತ್ರ ಸ್ಕಿಪ್ ಹೊಡ್ದೈತೆ ನೋಡಿ." ದೊಡ್ಡ ಹೆಸರಿನ ಕಂಪನಿಯದ್ದು ಕಣೆ ಎಂದು ಅಕ್ಕ ಗೊಣಗಿದರೆ, "ಬಯ್ಯರ್ ಬೇರೆ ಆದ್ರೆ ಬಟ್ಟೆ ಬೇರೆ ಬರ್ತದೆ, ಹೊಲಿಯೋರು ನಾವೇ ಅಲ್ವಾ" ಎಂದು ಚಪಾತಿ ಹಿಟ್ಟಿಗೆ ಮರಳುತ್ತಾಳೆ.

ಕೊಂಡದ್ದನ್ನು ಒಗೆಯುವುದು ಮತ್ತೊಂದು ಪುರಾಣ. ವೈಟ್‌ಫೀಲ್ಡಿನ ಟ್ಯಾಂಕರ್ ನೀರು ಗಡಸು, ಸೋಪಿನ ಪುಡಿ ಪೂರಾ ಬಿಡದೆ ಬಟ್ಟೆಯಲ್ಲೇ ಉಳಿದು ವಾಸನೆ ಹಿಡಿಯುತ್ತದೆ. ಅಕ್ಕನ ಆಜ್ಞೆ: ಪುಡಿ ಅರ್ಧ ಹಾಕಿ, ತಣ್ಣೀರಲ್ಲಿ ಒಗೆಯಿರಿ, ಘಮಘಮ ಕಂಡಿಷನರ್ ಮುಟ್ಟಲೇಬೇಡಿ, ಅದು ನೂಲಿನ ಮೇಲೆ ಪದರ ಕಟ್ಟಿ ಬೆವರು ಹೊರಬರದಂತೆ ಮಾಡುತ್ತದೆ. ಬಿಸಿಲಿಗೆ ಲೈಕ್ರಾದ ಬಿಗಿ ಸಡಿಲವಾಗುವುದರಿಂದ ನೆರಳಲ್ಲಿ ಒಣಗಿಸಬೇಕು. ಇದೊಂದನ್ನು ಪಾಲಿಸುವುದು ಸುಲಭ. ನಮ್ಮ ಯುಟಿಲಿಟಿ ಬಾಲ್ಕನಿಗಳಿಗೆ ಬಿಲ್ಡರ್ ಬಿಸಿಲನ್ನು ಕೊಟ್ಟೇ ಇಲ್ಲ.

ಇಷ್ಟೆಲ್ಲ ತಿಳಿದ ಅಕ್ಕ ವ್ಯಾಯಾಮ ಮಾಡುತ್ತಾರಾ ಎಂದು ಕೇಳುವ ಹೊಟ್ಟೆಕಿಚ್ಚಿನವರಿದ್ದಾರೆ. ಜಿಮ್ಮಿಗೆ ವರ್ಷದ ಫೀಜು ಕಟ್ಟಿದ್ದಾರೆ. ಹೋಗುವುದು ಅಪರೂಪ, ಟ್ರಯಲ್ ರೂಮುಗಳಲ್ಲಿ ಹೊಡೆದ ಬೈಠಕ್ ಲೆಕ್ಕಕ್ಕೆ ಹಿಡಿದರೆ ಪರವಾಗಿಲ್ಲ. ಆ ಮನೆಯಲ್ಲಿ ದಿನವೂ ತಪ್ಪದೆ ನಡೆಯುವವರು ಅತ್ತೆ. ಸೀರೆಯ ಕೆಳಗೆ ಸ್ಪೋರ್ಟ್ಸ್ ಶೂ, ತಲೆಗೆ ಮಫ್ಲರ್, ಸೆರಗು ಸೊಂಟಕ್ಕೆ ಸಿಕ್ಕಿಸಿ ಬೆಳಿಗ್ಗೆ ಆರಕ್ಕೆ ಕ್ಲಬ್‌ಹೌಸಿನ ಸುತ್ತ. "ಅತ್ತೆ, ಟ್ರ್ಯಾಕ್ ಪ್ಯಾಂಟ್ ಕೊಡಿಸ್ಲಾ?" ಎಂದು ಅಕ್ಕ ಕೇಳಿದ್ದುಂಟು. "ನನಗ್ಯಾಕೆ ಆ ವೇಷ" ಎಂದರಂತೆ. ಆಮೇಲೆ ಅಕ್ಕ ಅಭ್ಯಾಸಬಲದಿಂದ ಆ ಸೀರೆಯ ಅಂಚನ್ನು ಬೆರಳಲ್ಲಿ ಹಿಡಿದು ಪರೀಕ್ಷಿಸಿದರು. ಅಪ್ಪಟ ಪಾಲಿಯೆಸ್ಟರ್. ಭಾರವಿಲ್ಲ, ಬೇಗ ಒಣಗುತ್ತದೆ, ಬಣ್ಣ ಬಿಡುವುದಿಲ್ಲ. ಒಂದೂ ಬಗ್ ಸಿಗದೆ ಅಕ್ಕ ಒಳಗೆ ಹೋದರು.

ಓದುಗರಲ್ಲಿ ಜಿಮ್ ಬಟ್ಟೆ ಕೊಳ್ಳುವವರಿದ್ದರೆ ನಿಮ್ಮ ಕಟ್ಟಡದ ಲೈಕ್ರಾ ಅಕ್ಕನನ್ನು ಖಂಡಿತ ಜೊತೆಗೆ ಕರೆದುಕೊಂಡು ಹೋಗಿ. ಶನಿವಾರ ಸಂಜೆ ಬೇಡ, ಮಾರತಹಳ್ಳಿ ಸೇತುವೆ ದಾಟುವಷ್ಟರಲ್ಲಿ ಅಂಗಡಿ ಮುಚ್ಚಿರುತ್ತದೆ. ಅವರು ಹೇಳಿದಂತೆ ಕೂತು ನೋಡಿ, ಕುಣಿದು ನೋಡಿ, ಒಳಮೈ ತಿರುಗಿಸಿ ಜಗ್ಗಿ ನೋಡಿ. ಎರಡು ಜೊತೆ ಸಾಕು, ಒಂದು ಮೈಮೇಲೆ, ಒಂದು ತಂತಿಯ ಮೇಲೆ. ಮೂರನೆಯದೂ ಬೇಕು ಎಂದರೆ ಅದೊಂದು ಮಾತನ್ನು ಮಾತ್ರ ಕೇಳಬೇಡಿ.