ಕೆಸರುಗೊರವ ಪ್ರಮಾಣ ವಿಚಾರ

ಕಂಡದ್ದನ್ನು ಕಂಡ ಹಾಗೆ ಹೇಳುವುದು ಲೋಕವ್ಯವಹಾರ. ಸರಿಯಾಗಿ ಕಾಣದ್ದನ್ನು ಕಂಡವರಿಗಿಂತ ಗಟ್ಟಿಯಾಗಿ ಹೇಳಿ, ಒಪ್ಪದವರ ಜೊತೆ ಮಾತು ಬಿಡುವುದು ಶಾಸ್ತ್ರ. ಈ ಲಕ್ಷಣವನ್ನು ಒಪ್ಪುವುದಾದರೆ, ಚಳಿಗಾಲದಲ್ಲಿ ಕರಾವಳಿಯ ಅಳಿವೆಗೆ ಹೋಗಿ ಕೆಸರಿನ ಮೇಲೆ ಓಡಾಡುವ ಗೊರವ ಹಕ್ಕಿಗಳ ಗುರುತು ಹಿಡಿಯುವ ವಿದ್ಯೆಯನ್ನು ಇನ್ನು ಮುಂದೆ ಹವ್ಯಾಸ ಎಂದು ಕರೆಯುವುದು ಅಪಚಾರ. ಷಡ್ದರ್ಶನಗಳ ಪಕ್ಕದಲ್ಲಿ ಏಳನೆಯದಾಗಿ ಕೂರುವ ಅರ್ಹತೆ ಅದಕ್ಕಿದೆ. ಕೂರಲು ಒಣ ಜಾಗ ಸಿಗದಿರುವುದೊಂದೇ ತೊಡಕು.

ಶಾಸ್ತ್ರ ಎಂದಮೇಲೆ ಅನುಬಂಧ ಚತುಷ್ಟಯ ಹೇಳದೆ ಮುಂದುವರಿಯುವಂತಿಲ್ಲ. ವಿಷಯ: ಕುಮಟಾ ತಾಲೂಕಿನಲ್ಲಿ ಅಘನಾಶಿನಿ ಕಡಲು ಸೇರುವ ಜಾಗದ ಕೆಸರು ಬಯಲು ಮತ್ತು ಅದರ ಮೇಲಿನ ಚಲಿಸುವ ಚುಕ್ಕೆಗಳು. ಎಲ್ಲೂ ಅಣೆಕಟ್ಟು ಕಟ್ಟಿಸಿಕೊಳ್ಳದೆ ಶಿರಸಿಯ ಕಡೆಯಿಂದ ಇಳಿದು ಬರುವ ಈ ನದಿಯ ಅಳಿವೆಗೆ 2024ರ ಜನವರಿಯಲ್ಲಿ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಯಲ್ಲಿ ಸ್ಥಾನ ಸಿಕ್ಕಿತು. ವಿಸ್ತೀರ್ಣ 4,801 ಹೆಕ್ಟೇರ್. ಅದೇ ಸಲ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಸಿಕ್ಕಿತು. ಆದರೆ ಮಾಗಡಿಗೆ ಬರುವ ಪಟ್ಟೆತಲೆ ಹೆಬ್ಬಾತಿನ ತಲೆಯ ಮೇಲೆ ಎರಡು ಕಪ್ಪು ಪಟ್ಟಿಗಳು ಸ್ಪಷ್ಟವಾಗಿವೆ, ಶಾಲೆಯ ಮಕ್ಕಳೂ ಬೆರಳು ತೋರಿಸಿ ಹೆಸರು ಹೇಳುತ್ತಾರೆ. ವಿವಾದಕ್ಕೆ ಆಸ್ಪದವಿಲ್ಲದ್ದು ಶಾಸ್ತ್ರಕ್ಕೆ ವಿಷಯವಾಗಲಾರದು; ಹೆಬ್ಬಾತನ್ನು ಇಲ್ಲಿಗೇ ಕೈಬಿಟ್ಟಿದೆ. ಅಧಿಕಾರಿ: ಬೆಳಗಿನ ನಾಲ್ಕಕ್ಕೆ ಅಲಾರಂ ಇಟ್ಟು ಮನೆಮಂದಿಯನ್ನೆಲ್ಲ ಎಬ್ಬಿಸಿ, ಹಸಿರು-ಬೂದಿ ಮಿಶ್ರಿತ ಅಂಗಿ ತೊಟ್ಟು, ಎಂಟೋ ಹತ್ತೋ ಜೇಬಿನ ಪ್ಯಾಂಟಿನಲ್ಲಿ ಪೆನ್ನು ಎಲ್ಲಿದೆ ಎಂದು ಹುಡುಕುತ್ತಿರುವವನು. ಸಂಬಂಧ: ನೋಡುವವನಿಗೂ ಹಕ್ಕಿಗೂ ನಡುವೆ ಇರುವ ಮೊಣಕಾಲುದ್ದ ಹೂತುಹೋಗುವ ಕೆಸರು. ಪ್ರಯೋಜನ: ಪಟ್ಟಿ. ಮೋಕ್ಷವನ್ನೂ ಕೆಲವರು ಹೇಳುತ್ತಾರೆ, ಆದರೆ ಪಟ್ಟಿ ಮುಗಿದ ಮೇಲೆ.

ಪ್ರಥಮ ಸೂತ್ರ: ಕಂದು ಕಲಹಮೂಲ.

ಭಾಷ್ಯ. ಸ್ಯಾಂಡ್ ಪ್ಲೋವರಿಗೆ ಇಟ್ಟಿಗೆ ಕೆಂಪಿನ ಎದೆಯುಂಟು. ಕರ್ಲೂ ಸ್ಯಾಂಡ್‌ಪೈಪರಿನ ಮೈಯೆಲ್ಲ ತುಕ್ಕುಗೆಂಪು. ಗೋಲ್ಡನ್ ಪ್ಲೋವರ್ ಹೊಟ್ಟೆಗೆ ಮಸಿ ಬಳಿದುಕೊಂಡು ಬೆನ್ನಿಗೆ ಚಿನ್ನ ಚಿಮುಕಿಸಿಕೊಂಡಿರುತ್ತದೆ. ಆದರೆ ಇದೆಲ್ಲ ಟಿಬೆಟಿನಲ್ಲಿ, ಸೈಬೀರಿಯಾದಲ್ಲಿ, ಗೂಡು ಕಟ್ಟುವ ಬೇಸಿಗೆಯಲ್ಲಿ. ಇಲ್ಲಿಗೆ ಬರುವಾಗ ಮದುವೆ ಸೀರೆಯನ್ನು ಟ್ರಂಕಿನಲ್ಲಿಟ್ಟು ನೈಟಿಯಲ್ಲಿ ಬಂದ ಹಾಗೆ ಎಲ್ಲವೂ ಒಂದೇ ಕಂದುಬೂದಿ ತೊಟ್ಟು ಬರುತ್ತವೆ. ಮಾರ್ಚ್ ಕಳೆಯುತ್ತ ಎದೆಯಲ್ಲಿ ಸ್ವಲ್ಪ ಕೆಂಪು ಮೂಡಿ, ಇದು ಯಾರೆಂದು ಗುರುತಾಗುವಷ್ಟರಲ್ಲಿ ಹೊರಟುಹೋಗುತ್ತವೆ. ಹೀಗಾಗಿ ಅಳಿವೆಯ ಕೆಸರಿನಲ್ಲಿ ಕಾಣುವುದೆಲ್ಲ ದೊಡ್ಡ ಕಂದು, ನಡು ಕಂದು, ಸಣ್ಣ ಕಂದು ಎಂಬ ಮೂರು ತತ್ತ್ವಗಳು ಮಾತ್ರ. ಉಳಿದದ್ದೆಲ್ಲ ಪ್ರಮಾಣದಿಂದ ಸಿದ್ಧವಾಗತಕ್ಕದ್ದು. ಭಾಟ್ಟ ಮೀಮಾಂಸಕರು ಆರು ಪ್ರಮಾಣಗಳನ್ನು ಒಪ್ಪಿದ್ದು ನಮ್ಮ ಪುಣ್ಯ. ಐದಕ್ಕೇ ನಿಲ್ಲಿಸಿದ್ದರೆ ಯಾರ ಪಟ್ಟಿಯೂ ಇಪ್ಪತ್ತು ದಾಟುತ್ತಿರಲಿಲ್ಲ.

ಪ್ರತ್ಯಕ್ಷವೆಂದರೆ ಇಂದ್ರಿಯಕ್ಕೂ ವಿಷಯಕ್ಕೂ ಸನ್ನಿಕರ್ಷವಾದಾಗ ಹುಟ್ಟುವ ಜ್ಞಾನ. ಇಲ್ಲಿ ಆ ಎರಡರ ನಡುವೆ ಕನ್ನಡಕ, ಬೈನಾಕ್ಯುಲರ್, ಬೆವರಿನ ಮಂಜು, ಕಾಂಡ್ಲಾ ಗಿಡದ ಒಂದು ಕೊಂಬೆ, ಹತ್ತು ಗಂಟೆಯ ಬಿಸಿಲಿಗೆ ಕೆಸರಿನಿಂದ ಏಳುವ ಝಳ, ಇವುಗಳ ಜೊತೆಗೆ ‘ಎಲ್ಲಿ, ಎಲ್ಲಿ’ ಎನ್ನುತ್ತಿರುವ ಗೆಳೆಯನ ಮೊಣಕೈ ಇರುವುದರಿಂದ ಸನ್ನಿಕರ್ಷ ಎಷ್ಟರಮಟ್ಟಿಗೆ ಆಯಿತೆಂಬುದು ಚರ್ಚಾಸ್ಪದ. ಎಂಟು ಪಟ್ಟು ದೊಡ್ಡದಾಗಿ ತೋರಿಸುವ ದುರ್ಬೀನಿನ ಪಂಥ ಮತ್ತು ಹತ್ತು ಪಟ್ಟಿನ ಪಂಥ ಎಂದು ಎರಡು ಮತಗಳಿವೆ. ಹತ್ತರವರಿಗೆ ಹಕ್ಕಿ ದೊಡ್ಡದಾಗಿ ನಡುಗುತ್ತದೆ; ಎಂಟರವರಿಗೆ ಚಿಕ್ಕದಾಗಿ ನಿಂತಿರುತ್ತದೆ. ಮುಕ್ಕಾಲಿ ಹೊತ್ತು ಟೆಲಿಸ್ಕೋಪ್ ತರುವವರದು ಮೂರನೆಯ ಮತ. ಅವರ ಮುಕ್ಕಾಲಿಯ ಒಂದು ಕಾಲು ಕೆಸರಿಗೆ ಇಳಿಯುತ್ತಾ ಇರುವುದರಿಂದ, ಹಕ್ಕಿ ನಿಂತಲ್ಲೇ ನಿಂತಿದ್ದರೂ ಆಕಾಶಕ್ಕೆ ಏರುತ್ತಿರುವಂತೆ ಅನುಭವವಾಗುತ್ತದೆಂದು ಆ ಪಂಥದ ಹಿರಿಯರು ವರ್ಣಿಸಿದ್ದಾರೆ. ಒಂದರ ಹಿಂದೊಂದು ನಿಂತ ಎರಡು ಗೊರವಗಳನ್ನು ನೋಡಿ ಗಂಡಭೇರುಂಡವನ್ನು ಕಂಡೆವೆಂದವರೂ ಉಂಟು.

ಅನುಮಾನ ಇದಕ್ಕಿಂತ ವಾಸಿ. ಹೊಗೆ ಕಂಡಲ್ಲಿ ಬೆಂಕಿ. ಹಾಗೆಯೇ ರೆಕ್ಕೆಯ ಹಿಂದಂಚಿನಲ್ಲಿ ಅಗಲ ಬಿಳಿ ಪಟ್ಟಿ ಕಂಡಲ್ಲಿ ರೆಡ್‌ಶ್ಯಾಂಕ್, ಬೆನ್ನಿನ ಮೇಲೆ ಬಾಲದಿಂದ ಚೂಪಾಗಿ ಏರುವ ಬಿಳಿ ಕಂಡಲ್ಲಿ ಗ್ರೀನ್‌ಶ್ಯಾಂಕ್. ವ್ಯಾಪ್ತಿ ಶುದ್ಧವಾಗಿದೆ. ಆದರೆ ಹೇತು ಗೋಚರಿಸುವುದು ಹಕ್ಕಿ ರೆಕ್ಕೆ ಬಿಚ್ಚಿದಾಗ, ಎಂದರೆ ಅದು ನಮ್ಮನ್ನು ಬಿಟ್ಟು ಹೋಗುವಾಗ. ಹಕ್ಕಿ ಇದ್ದಾಗ ಗುರುತಿಲ್ಲ, ಗುರುತು ಸಿಕ್ಕಾಗ ಹಕ್ಕಿಯಿಲ್ಲ. ಸಾಲದ್ದಕ್ಕೆ ಮಾರ್ಷ್ ಸ್ಯಾಂಡ್‌ಪೈಪರಿನ ಬೆನ್ನಿನಲ್ಲೂ ಅದೇ ಬಿಳಿ ಚೂಪು ಇದೆ. ತರ್ಕಶಾಸ್ತ್ರದಲ್ಲಿ ಇದಕ್ಕೆ ಸವ್ಯಭಿಚಾರ ಹೇತ್ವಾಭಾಸ ಎಂದು ಹೆಸರು. ಅಳಿವೆಯಲ್ಲಿ ಇದಕ್ಕೆ ‘ಛೆ’ ಎನ್ನುತ್ತಾರೆ.

ಉಪಮಾನದ ಕಡೆ ಬರೋಣ. ಈ ಶಾಸ್ತ್ರದ ಜೀವ ಇರುವುದೇ ಇಲ್ಲಿ. ಹಸುವಿನಂತಿರುವುದು ಗವಯ ಎಂದು ಕೇಳಿ ತಿಳಿದವನು ಕಾಡಿನಲ್ಲಿ ಗವಯವನ್ನು ಗುರುತಿಸುತ್ತಾನೆ, ಏಕೆಂದರೆ ಅವನಿಗೆ ಮೊದಲು ಹಸು ಗೊತ್ತು. ನಮ್ಮ ಕೈಪಿಡಿಗಳು ಹೇಳುವುದು ಹೀಗೆ: ಗ್ರೇಟರ್ ಸ್ಯಾಂಡ್ ಪ್ಲೋವರ್ ಲೆಸರಿನಂತೆಯೇ ಇದ್ದು ಕೊಕ್ಕು ಉದ್ದ, ಕಾಲು ಉದ್ದ. ಪುಟ ತಿರುಗಿಸಿದರೆ, ಲೆಸರ್ ಸ್ಯಾಂಡ್ ಪ್ಲೋವರ್ ಗ್ರೇಟರಿನಂತೆಯೇ ಇದ್ದು ಕೊಕ್ಕು ಗಿಡ್ಡ, ಕಾಲು ಗಿಡ್ಡ. ಶುದ್ಧ ಅನ್ಯೋನ್ಯಾಶ್ರಯ ದೋಷ. ಯಾವುದಕ್ಕಿಂತ ಉದ್ದ? ಪಕ್ಕದಲ್ಲಿ ಇನ್ನೊಂದು ನಿಂತಿದ್ದರೆ ಹೇಳಬಹುದು. ಇನ್ನೊಂದು ನಿಂತಿರುತ್ತದೆ, ಅದೂ ಇದರ ಹಾಗೆಯೇ ಇರುತ್ತದೆ. ಆಗ ಎರಡೂ ಗ್ರೇಟರೋ ಎರಡೂ ಲೆಸರೋ ಎಂಬಲ್ಲಿ ಒಂದು ಬೆಳಗು ಕಳೆದು, ಅಷ್ಟರಲ್ಲಿ ಬಿಸಿಲೇರಿ, ಕೊಕ್ಕು ಉದ್ದ ಕಂಡದ್ದು ಝಳದಿಂದಲೇ ಎಂದು ನಿರ್ಧಾರವಾಗುತ್ತದೆ.

ಇಷ್ಟು ಕಷ್ಟದಿಂದ ಲೆಸರ್ ಎಂದು ನಿಶ್ಚಯಿಸಿಕೊಂಡವರ ಮೇಲೆ 2023ರಲ್ಲಿ ಸಿಡಿಲೆರಗಿತು. ಜಗತ್ತಿನ ಹಕ್ಕಿಪಟ್ಟಿ ರಚಿಸುವ ಪಂಡಿತರು ಲೆಸರ್ ಸ್ಯಾಂಡ್ ಪ್ಲೋವರನ್ನು ಸೀಳಿ ಟಿಬೆಟನ್ ಸ್ಯಾಂಡ್ ಪ್ಲೋವರ್, ಸೈಬೀರಿಯನ್ ಸ್ಯಾಂಡ್ ಪ್ಲೋವರ್ ಎಂದು ಎರಡು ಪ್ರಭೇದ ಮಾಡಿದರು. ನಮ್ಮ ಪಶ್ಚಿಮ ಕರಾವಳಿಗೆ ಬರುವುದು ಬಹುಮಟ್ಟಿಗೆ ಟಿಬೆಟನ್. ಹಕ್ಕಿಯ ಒಂದು ಗರಿಯೂ ಬದಲಾಗಿಲ್ಲ, ಅದು ನಿಂತ ಕೆಸರೂ ಅದೇ. ಪಟ್ಟಿ ಮಾತ್ರ ಬೇರೆ. ಇದರ ತಾತ್ತ್ವಿಕ ಹಿನ್ನೆಲೆಯನ್ನು ಯಾರೂ ಸರಿಯಾಗಿ ಗಮನಿಸಿಲ್ಲವೆಂದು ಪ್ರಸ್ತುತ ಪ್ರಬಂಧಕಾರನ ಅಭಿಪ್ರಾಯ. ಎಲ್ಲ ಕಂದುಹಕ್ಕಿಗಳೂ ಒಂದೇ, ಭೇದವೆಲ್ಲ ಬಿಸಿಲ್ಗುದುರೆ ಎನ್ನುವವರು ಅದ್ವೈತಿಗಳು. ಇವರು ಬೇಗ ನೋಡಿ ಮುಗಿಸಿ ತಿಂಡಿಗೆ ಹೋಗುತ್ತಾರೆ. ಹಕ್ಕಿಗೂ ಹಕ್ಕಿಗೂ ಭೇದ, ಹಕ್ಕಿಗೂ ಮಣ್ಣಿಗೂ ಭೇದ, ನೋಡುವವನಿಗೂ ಹಕ್ಕಿಗೂ ಭೇದ ಎಂದು ಪಂಚಭೇದವನ್ನೂ ಸಾಧಿಸುವವರು ದ್ವೈತಿಗಳು; ಇವರ ಪಟ್ಟಿ ಉದ್ದ. ಅಘನಾಶಿನಿಯಿಂದ ದಕ್ಷಿಣಕ್ಕೆ ಉಡುಪಿಯತ್ತ ಸರಿದಷ್ಟೂ ಎರಡನೆಯವರ ಪಕ್ಷ ಬಲವಾಗುವುದು ಸಹಜವೇ ಆಗಿದೆ.

ಅರ್ಥಾಪತ್ತಿಯ ಉದಾಹರಣೆ ಎಲ್ಲರಿಗೂ ಗೊತ್ತು. ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲ. ಆದ್ದರಿಂದ ರಾತ್ರಿ ಉಣ್ಣುತ್ತಾನೆ. ಈ ದೇವದತ್ತ ಯಾರೆಂಬುದು ಇಂದಿನವರೆಗೆ ತಿಳಿದಿರಲಿಲ್ಲ. ಆತ ಅಳಿವೆಯಲ್ಲಿ ಹಗಲೆಲ್ಲ ಒಂಟಿಕಾಲಲ್ಲಿ, ಕೊಕ್ಕನ್ನು ಬೆನ್ನಗರಿಯಲ್ಲಿ ಸಿಕ್ಕಿಸಿಕೊಂಡು ನಿದ್ದೆ ಹೋಗಿರುವ ಕರ್ಲೂ ಎಂದು ಇಲ್ಲಿ ಪ್ರಥಮಬಾರಿಗೆ ಪ್ರತಿಪಾದಿಸಲಾಗುತ್ತಿದೆ. ಅವನಿಗೆ ಹಗಲು-ರಾತ್ರಿ ಲೆಕ್ಕವಿಲ್ಲ. ಲೆಕ್ಕ ಇರುವುದು ನೀರಿನದು. ನಮ್ಮ ಕರಾವಳಿಯಲ್ಲಿ ಉಬ್ಬರದಿಂದ ಉಬ್ಬರಕ್ಕೆ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ. ಆದ್ದರಿಂದ ಕೆಸರು ತೆರೆದುಕೊಳ್ಳುವ ಹೊತ್ತು ದಿನಾ ಮುಕ್ಕಾಲು ಗಂಟೆಗಿಂತ ಹೆಚ್ಚು ತಡವಾಗುತ್ತಾ ಹೋಗುತ್ತದೆ. ಹಕ್ಕಿ ಚಂದ್ರನ ಪಂಚಾಂಗದಲ್ಲಿ ಉಣ್ಣುತ್ತದೆ, ನೋಡುವವನು ಸೂರ್ಯನ ಪಂಚಾಂಗದಲ್ಲಿ ಬರುತ್ತಾನೆ. ಅದರಲ್ಲೂ ಭಾನುವಾರವೇ ಬರುತ್ತಾನೆ.

ಕತ್ತಲಲ್ಲಿ ಹೇಗೆ ಉಣ್ಣುತ್ತದೆ ಎಂಬ ಶಂಕೆಗೆ ಉತ್ತರ ಕೊಕ್ಕಿನ ತುದಿಯಲ್ಲಿದೆ. ಗೊರವಗಳ ಕೊಕ್ಕಿನ ತುದಿಯ ಮೂಳೆಯಲ್ಲಿ ಸಣ್ಣ ಗುಳಿಗಳು ಒತ್ತಾಗಿವೆ. ಅವುಗಳೊಳಗೆ ಒತ್ತಡವನ್ನೂ ಕಂಪನವನ್ನೂ ಗ್ರಹಿಸುವ ಹರ್ಬ್ಸ್ಟ್ ಕಣಗಳಿವೆ. ಕೆಸರಿನಾಳದಲ್ಲಿ ಹುಳು ಮಿಸುಕಿದರೆ ಮುಟ್ಟಿಯೇ ತಿಳಿಯುತ್ತದೆ. ತಿಳಿದ ಮೇಲೆ ಇಡೀ ಬಾಯಿ ತೆರೆದು ಮಣ್ಣು ತಿನ್ನುವ ಪ್ರಮೇಯವಿಲ್ಲ, ಮೇಲ್ಗೊಕ್ಕಿನ ತುದಿಯನ್ನಷ್ಟೇ ಎತ್ತಿ ಹಿಡಿಯಬಲ್ಲವು. ಪ್ಲೋವರುಗಳ ದಾರಿ ಬೇರೆ. ಕೊಕ್ಕು ಗಿಡ್ಡ, ಕಣ್ಣು ದೊಡ್ಡದು. ನಾಲ್ಕು ಹೆಜ್ಜೆ ಓಡಿ, ಗಕ್ಕನೆ ನಿಂತು, ದಿಟ್ಟಿಸಿ, ಕುಕ್ಕುತ್ತವೆ. ಕಂಡದ್ದನ್ನು ಮಾತ್ರ ನಂಬುವ ಶುದ್ಧ ಚಾರ್ವಾಕರು. ಹೀಗೆ ಒಂದೇ ಕೆಸರಿನ ಮೇಲೆ ಎರಡು ಜ್ಞಾನಮೀಮಾಂಸೆಗಳು ಪರಸ್ಪರ ಖಂಡಿಸದೆ ಊಟ ಮುಗಿಸುತ್ತವೆ. ಸ್ಪರ್ಶವೂ ಪ್ರತ್ಯಕ್ಷವೇ ಅಲ್ಲವೇ ಎಂದು ನೈಯಾಯಿಕರು ತಕರಾರು ತೆಗೆಯಬಹುದು. ಅವರು ಒಮ್ಮೆ ಮೂಗನ್ನು ಕೆಸರಿಗೆ ಅದ್ದಿ ನೋಡಿ ಬಂದ ಮೇಲೆ ಉತ್ತರಿಸಲಾಗುವುದು.

ಇಲ್ಲಿ ಒಂದು ಪೂರ್ವಪಕ್ಷ ಬರುತ್ತದೆ. ಇಳಿತದ ಹೊತ್ತಿಗೆ ಬಳಚು ಆರಿಸಲು ಬುಟ್ಟಿ ಹಿಡಿದು ಕೆಸರಿಗಿಳಿಯುವ ಹೆಂಗಸರದು ಇದು. “ಈಗ ಬಂದ್ರೆ ಎಂತ ಕಾಣ್ತದೆ? ನೀರು ಏರಲಿ, ಎಲ್ಲ ಒಂದೇ ಕಡೆ ಬಂದು ಕೂರ್ತಾವೆ.” ವಾದ ಗಟ್ಟಿಯಾಗಿದೆಯೆಂದು ಒಪ್ಪಲೇಬೇಕು. ಇಳಿತದಲ್ಲಿ ಹಕ್ಕಿಗಳು ಮೈಲಿಗಟ್ಟಲೆ ಬಯಲಿನಲ್ಲಿ ಚದುರಿಹೋಗುತ್ತವೆ. ಉಬ್ಬರ ಏರಿ ಕೆಸರು ಮುಳುಗಿದಾಗ ಮರಳದಿಣ್ಣೆಗೋ, ಕಗ್ಗ ಭತ್ತದ ಕೊಯ್ಲಾಗಿ ನೀರು ಬಿಟ್ಟ ಗಜನಿ ಗದ್ದೆಯ ಏರಿಗೋ ಬಂದು ಹೆಗಲಿಗೆ ಹೆಗಲು ತಾಗಿಸಿ ನಿಲ್ಲುತ್ತವೆ. ಗ್ರೇಟರು ಲೆಸರು ಅಕ್ಕಪಕ್ಕ ಸಿಕ್ಕಿ ಉಪಮಾನದ ದೋಷ ತಾನಾಗಿ ಪರಿಹಾರವಾಗುವುದೂ ಆಗಲೇ. ಶಾಸ್ತ್ರಕಾರರ ಸಮಾಧಾನ: ಉಬ್ಬರ ಮಧ್ಯಾಹ್ನ ಒಂದಕ್ಕೆ, ಆ ಹೊತ್ತಿಗೆ ಕುಮಟಾದಲ್ಲಿ ಊಟ ಹೇಳಿಯಾಗಿದೆ. ಹೆಂಗಸರು ಮರುಮಾತಾಡದೆ ಬುಟ್ಟಿ ತುಂಬಿಕೊಂಡು ಹೋದದ್ದರಿಂದ ವಾದದಲ್ಲಿ ಶಾಸ್ತ್ರಕ್ಕೇ ಜಯವಾಯಿತೆಂದು ದಾಖಲಿಸಲಾಗಿದೆ.

ಶಬ್ದಪ್ರಮಾಣ, ಎಂದರೆ ಆಪ್ತವಾಕ್ಯ. ಗುಂಪಿನಲ್ಲಿ ಒಬ್ಬರು ಹಿರಿಯರಿರುತ್ತಾರೆ. ಅವರು ದುರ್ಬೀನು ಎತ್ತದೆಯೇ “ಟೆರೆಕ್” ಎನ್ನುತ್ತಾರೆ. ಅದುವರೆಗೆ ನೇರ ಕಾಣುತ್ತಿದ್ದ ಕೊಕ್ಕು ಎಲ್ಲರಿಗೂ ತಕ್ಷಣ ಮೇಲಕ್ಕೆ ಬಾಗಿದಂತೆ ಕಾಣತೊಡಗುತ್ತದೆ. ಈ ಹಕ್ಕಿಗೆ ಅಂಟಿದ, ಕ್ಯಾಸ್ಪಿಯನ್ನಿಗೆ ಸೇರುವ ನದಿಯೊಂದರ ಹೆಸರು ಕುಮಟಾದ ಕೆಸರಿನಲ್ಲಿ ಇಷ್ಟು ಪರಿಣಾಮ ಬೀರುವುದು ಶಬ್ದದ ಮಹಿಮೆಯಲ್ಲದೆ ಮತ್ತೇನು? ಈಚೆಗೆ ಅಪೌರುಷೇಯ ಶಬ್ದವೂ ಬಂದಿದೆ, ಜೇಬಿನಲ್ಲಿ. ಫೋನು ಕೂಗನ್ನು ಕೇಳಿ ಹೆಸರು ಹೇಳುತ್ತದೆ. ಪಟ್ಟಿಗೆ ಸೇರಿಸಹೋದರೆ ಅಪರೂಪವೆಂದು ಪುರಾವೆ ಕೇಳುತ್ತದೆ. ಹಿರಿಯರನ್ನು ಪುರಾವೆ ಕೇಳುವಷ್ಟು ಧೈರ್ಯ ಇನ್ನೂ ಯಾವ ಯಂತ್ರಕ್ಕೂ ಬಂದಿಲ್ಲ. ಹಾಗೆಂದು ಯಂತ್ರದ ಮಾತನ್ನು ತಳ್ಳಿಹಾಕುವಂತೆಯೂ ಇಲ್ಲ. 2022ರ ಅಕ್ಟೋಬರಿನಲ್ಲಿ ಸುಮಾರು ಐದೇ ತಿಂಗಳ ಒಂದು ಬಾರ್-ಟೇಲ್ಡ್ ಗಾಡ್ವಿಟ್ ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ ಎಲ್ಲೂ ಇಳಿಯದೆ ಹನ್ನೊಂದು ದಿನ ಹಾರಿ 13,560 ಕಿಲೋಮೀಟರ್ ಕ್ರಮಿಸಿತು. ಯಾರೂ ಕಣ್ಣಾರೆ ಕಂಡದ್ದಲ್ಲ; ಅದರ ಬೆನ್ನಿಗಿದ್ದ ಪುಟ್ಟ ಉಪಕರಣ ಉಪಗ್ರಹಕ್ಕೆ ಹೇಳಿದ್ದು. ಜಗತ್ತು ನಂಬಿತು. ಅದೇ ಜಗತ್ತು, ಅಘನಾಶಿನಿಯಲ್ಲಿ ನಾನು ಬ್ರಾಡ್-ಬಿಲ್ಡ್ ಸ್ಯಾಂಡ್‌ಪೈಪರ್ ಕಂಡೆನೆಂದು ಯಾರಾದರೂ ಅಂದರೆ ಹುಬ್ಬೇರಿಸುತ್ತದೆ.

ಕೊನೆಯದು ಅನುಪಲಬ್ಧಿ: ಕಾಣದಿರುವುದರಿಂದ ಇಲ್ಲವೆಂಬ ತಿಳಿವು. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ. ಆದರೆ ಈ ಪ್ರಮಾಣವನ್ನು ಗೊರವವಾದಿಗಳು ಒಪ್ಪುವ ರೀತಿಯೇ ವಿಲಕ್ಷಣ. ಹಕ್ಕಿ ಕಾಣದಿದ್ದರೆ ‘ನಿನ್ನೆ ಇತ್ತು’ ಎಂಬುದು ಸಿದ್ಧಾಂತ. ‘ನೀವು ಬರುವ ಹತ್ತು ನಿಮಿಷ ಮುಂಚೆ ಇತ್ತು’ ಎಂಬುದು ಪ್ರಬಲತರ ಸಿದ್ಧಾಂತ. 1987ರಿಂದ ಪ್ರತಿ ಜನವರಿಯಲ್ಲಿ ನಡೆಯುವ ಏಷ್ಯಾದ ನೀರುಹಕ್ಕಿ ಗಣತಿ ಮಾತ್ರ ಮೀಮಾಂಸಕರ ಪಕ್ಷ: ಕಾಣದ್ದನ್ನು ಕಾಣಲಿಲ್ಲವೆಂದೇ ಬರೆಯಿರಿ, ಸೊನ್ನೆಯೂ ಮಾಹಿತಿ ಎನ್ನುತ್ತದೆ. ಸೊನ್ನೆ ಬರೆಯಲು ಬೇಕಾದ ಮನೋನಿಗ್ರಹ ಎಲ್ಲರಿಗೂ ಸಾಧ್ಯವಲ್ಲ. ಎಣಿಕೆಯ ವಿಧಿಯೂ ಕಠಿಣ: ಗುಂಪಿನಲ್ಲಿ ಹತ್ತನ್ನು ಬಿಡಿಯಾಗಿ ಎಣಿಸಿ, ಅದು ಎಷ್ಟು ಜಾಗ ಹಿಡಿಯಿತೆಂದು ನೋಡಿ, ಅಷ್ಟಷ್ಟೇ ಜಾಗವನ್ನು ಕಣ್ಣಿನಲ್ಲಿ ಅಳೆಯುತ್ತ ಹೋಗಬೇಕು. ನೂರಾತೊಂಬತ್ತಕ್ಕೆ ತಲುಪಿದಾಗ ಗರುಡ ಬರುತ್ತದೆ. ಗುಂಪು ಎದ್ದು ಎರಡು ಸುತ್ತು ಹೊಡೆದು ಬೇರೆ ಕ್ರಮದಲ್ಲಿ ಇಳಿಯುತ್ತದೆ. ಗರುಡನಿಗೆ ಗೊರವ ಬೇಕಿರಲಿಲ್ಲ, ಸತ್ತ ಮೀನು ಬೇಕಿತ್ತು.

ಇನ್ನು ಪ್ರಾಯಶ್ಚಿತ್ತ ಪ್ರಕರಣ. ತಪ್ಪು ಹೆಸರು ಹೇಳಿದ ಪಾತಕಗಳಲ್ಲಿ ತರತಮವಿದೆ. ರೆಡ್‌ಶ್ಯಾಂಕನ್ನು ಗ್ರೀನ್‌ಶ್ಯಾಂಕ್ ಎಂದವನು ಮುಂದಿನ ಸಲ ಎಲ್ಲರ ಚಹಾದ ಹಣ ಕೊಟ್ಟರೆ ಶುದ್ಧನಾಗುತ್ತಾನೆ. ಲೆಸರನ್ನು ಗ್ರೇಟರ್ ಎಂದವನು ಮುಕ್ಕಾಲಿ ಹೊರಬೇಕು. ಹಿರಿಯರು ಹೇಳಿದ್ದನ್ನು ಎಲ್ಲರೆದುರು ಅಲ್ಲಗಳೆದವನಿಗೆ, ಅದರಲ್ಲೂ ಆತ ಹೇಳಿದ್ದೇ ಸರಿಯಾಗಿದ್ದ ಪಕ್ಷದಲ್ಲಿ, ಮಹಾಪ್ರಾಯಶ್ಚಿತ್ತವೊಂದೇ ಗತಿ: ತದಡಿಯ ಮೀನುಗಾರಿಕೆ ಬಂದರಿನಲ್ಲಿ ಕುಳಿತು ದೊಡ್ಡ ಕಡಲಹಕ್ಕಿಗಳ ವಯಸ್ಸು ಮತ್ತು ಜಾತಿಯನ್ನು ನಿರ್ಣಯಿಸತಕ್ಕದ್ದು. ಇವು ಹುಟ್ಟಿದ ವರ್ಷ ಒಂದು ವೇಷ, ಮರುವರ್ಷ ಇನ್ನೊಂದು, ಅದರ ಮರುವರ್ಷ ಮತ್ತೊಂದು ತೊಟ್ಟು, ನಾಲ್ಕನೆಯ ಚಳಿಗಾಲದ ಹೊತ್ತಿಗೆ ಪ್ರೌಢವಾಗುತ್ತವೆ. ಹ್ಯೂಗ್ಲಿನ್ಸ್ ಗಲ್ ಒಂದು ಪಟ್ಟಿಯಲ್ಲಿ ಸ್ವತಂತ್ರ ಪ್ರಭೇದ, ಇನ್ನೊಂದರಲ್ಲಿ ಲೆಸರ್ ಬ್ಲ್ಯಾಕ್-ಬ್ಯಾಕ್ಡ್ ಗಲ್‌ನ ಉಪಪ್ರಭೇದ. ಸ್ಟೆಪ್ ಗಲ್ ಎಂಬುದರ ಗತಿಯೂ ಹೀಗೇ ಅತ್ತಿತ್ತ. ಆದಕಾರಣ ಪಾತಕಿಯು ಒಂದೇ ಹಕ್ಕಿಯನ್ನು ನಾಲ್ಕು ಚಳಿಗಾಲ ಹಿಂಬಾಲಿಸಿ ಆಮೇಲೆ ಹೆಸರು ಹೇಳಬೇಕು. ಅಷ್ಟರಲ್ಲಿ ಪಟ್ಟಿಯ ಪಂಡಿತರು ಇನ್ನೊಮ್ಮೆ ಸಭೆ ಸೇರಿದ್ದರೆ, ಮೊದಲಿನಿಂದ ಶುರುಮಾಡತಕ್ಕದ್ದು.